ಬಂಡೆಯ ಮೇಲಿನ ಹರಿಗೋಲು

ಹೊಸ ಊರಿನಲ್ಲಿ ಕಣ್ಣುಬಿಟ್ಟ ಮೊದಲ ಬೆಳಗ್ಗೆ ನಮ್ಮ ಹರಿಗೋಲು ಬಂಡೆಯ ಮೇಲೆ ಬೋರಲು ಬಿದ್ದಿತ್ತು. ಸುತ್ತ ಕಣ್ಣು ಹಾಯುವಷ್ಟು ದೂರ ನೀರಿಲ್ಲ. ಯಾರದೋ ಕೋಳಿ ಅದರ ಬೆನ್ನೇರಿ ನಿಂತು, ಬಂದವರು ಯಾರೆಂದು ಕೇಳುವ ಹಾಗೆ ನಮ್ಮನ್ನು ನೋಡುತ್ತಿತ್ತು.

ನಾವು ಕಿಳ್ಳೇಕ್ಯಾತರು. ಮನೆಯೊಳಗೆ ಮರಾಠಿ ಬೆರೆತ ಮಾತು, ಹೊರಗೆ ಕನ್ನಡ. ಹಗಲು ಮೀನು ಹಿಡಿಯುವುದು, ಇರುಳು ತೊಗಲುಗೊಂಬೆ ಆಡಿಸುವುದು. ಶಿರಾ ಸೀಮೆಯ ಒಂದು ಕೆರೆಯ ದಂಡೆಯಲ್ಲಿ ತಲೆಮಾರುಗಳಿಂದ ಇದ್ದವರನ್ನು ಒಂದು ಮಧ್ಯಾಹ್ನ ಸರ್ಕಾರ ಲಾರಿಗೆ ಹತ್ತಿಸಿ, ಐ.ಡಿ.ಹಳ್ಳಿಯಾಚೆಯ ಈ ಗುಡ್ಡದ ಬುಡಕ್ಕೆ ತಂದು ಇಳಿಸಿತು. ತುಮಕೂರಿನಲ್ಲಿ ಎಂ.ಎ. ಓದುತ್ತಿದ್ದ ನಾನು ಅಂದು ರಜೆಗೆ ಬಂದಿದ್ದೆ. ಜೆಸಿಬಿಯ ಮುಂದೆ ನಿಂತು ಆದೇಶ ತೋರಿಸಿ ಎಂದೆ. ತೋರಿಸಲಿಲ್ಲ. ಕೆರೆಗೆ ಅಂದ ಬರಬೇಕು, ಇದು ಸ್ಥಳಾಂತರವಷ್ಟೇ ಎಂದರು. ಅದೇ ದಂಡೆಯ ಉಳಿದ ಮನೆಗಳನ್ನು ಯಾರೂ ಮುಟ್ಟಲಿಲ್ಲ. ಒಂದು ಮಾತಿನ, ಒಂದು ಕುಲದ ಜನರನ್ನಷ್ಟೇ ಆರಿಸಿ ಲಾರಿಗೆ ತುಂಬುವುದಕ್ಕೆ ನಾನು ಕಲಿತ ಕನ್ನಡದಲ್ಲಿ ಬೇರೆ ಹೆಸರಿದೆ: ಉಚ್ಚಾಟನೆ.

ಅಲ್ಲಿ ಗುಡಿಸಲ ಸಂದಿಯಿಂದ ಕೆರೆಯ ತಂಪು ಒಳಗೆ ಬರುತ್ತಿತ್ತು. ಇಲ್ಲಿ ಕೊಟ್ಟ ತಗಡಿನ ಮನೆ ಹೊತ್ತೇರುವ ಮೊದಲೇ ಕಾದ ಕಾವಲಿಯಾಗುತ್ತದೆ. ಅಲ್ಲಿ ಮೀನಿನ ಸಾರು, ಇಲ್ಲಿ ಮುದ್ದೆಗೆ ಹುರುಳಿಕಾಳು. ಅಲ್ಲಿನ ಬೀದಿಯಲ್ಲಿ ಉರ್ದು ಕಿವಿಗೆ ಬೀಳುತ್ತಿತ್ತು. ಇಲ್ಲಿ ಪಾವಗಡದ ಗಾಳಿ, ಅರ್ಧ ಕನ್ನಡ ಅರ್ಧ ತೆಲುಗು. ಪಕ್ಕದ ಬೀದಿಯ ಲಕ್ಷ್ಮಕ್ಕ ‘ನೀಳ್ಳೊಚ್ಚಿನಾಯ್’ ಎಂದು ಮೊದಲ ಸಲ ಕೂಗಿದಾಗ, ನೀರು ಬಂತೆಂದು ನಮಗೆ ತಿಳಿಯುವಷ್ಟರಲ್ಲಿ ನಲ್ಲಿ ನಿಂತಿತ್ತು. ನಮ್ಮ ಬಿಂದಿಗೆಗಳನ್ನು ಸಾಲಿನಿಂದಾಚೆ ಇಡಿಸುತ್ತಿದ್ದವಳೂ ಅವಳೇ. ಲಾರಿಯಲ್ಲಿ ತಂದಿದ್ದ ಒಣಮೀನು ಹುರಿದರೆ ಮೂಗು ಮುಚ್ಚಿ ಬೈಯುತ್ತಿದ್ದಳು. ಒಂದು ಸಂಜೆ ಸೆರಗಿನ ಮರೆಯಲ್ಲಿ ಬಟ್ಟಲು ಹಿಡಿದು ಬಂದು, ಅದೇ ಮೀನು ಕೇಳಿ, ಗಂಡನಿಗೆ ಹೇಳಬಾರದೆಂದು ಆಣೆ ಹಾಕಿಸಿಕೊಂಡಳು. ಈ ಊರಿನಲ್ಲಿ ನಾವು ಗೆದ್ದದ್ದು ಅಂದೇ ಮೊದಲು.

ನನ್ನ ಅಜ್ಜಿಯನ್ನು ನಾವು ಆಯಿ ಎನ್ನುತ್ತೇವೆ. ಲಾರಿ ಹತ್ತುವಾಗ ಅವಳು ಎದೆಗವಚಿಕೊಂಡದ್ದು ಒಂದು ಗೊಂಬೆಯನ್ನು. ಅಜ್ಜ ಆಡಿಸುತ್ತಿದ್ದ ರಾಣಿ. ತೊಗಲು ಸೀಳಿದೆ, ಬಣ್ಣ ಹೋಗಿದೆ, ಇನ್ನು ಆಟಕ್ಕೆ ಬಾರದು. ಸವೆದ ಗೊಂಬೆಯನ್ನು ನಮ್ಮಲ್ಲಿ ಎಸೆಯುವುದಿಲ್ಲ. ಸತ್ತವರಿಗೆ ಮಾಡುವಂತೆ ಬಿಳಿ ಬಟ್ಟೆ ಸುತ್ತಿ ನಮ್ಮ ಕೆರೆಯ ನೀರಿಗೆ ಬಿಡುತ್ತೇವೆ. ಗೊಂಬೆ ಬಿಟ್ಟ ನೀರೇ ನಮ್ಮ ಊರು. ನೀರು ಸೇರದ ಗೊಂಬೆ ಮನೆಯವರ ನಿದ್ದೆ ಕೆಡಿಸುತ್ತದೆ ಎನ್ನುತ್ತಾರೆ. ನನಗೆ ನಂಬಿಕೆಯಿರಲಿಲ್ಲ. ಆದರೆ ಇಳಿಬಿಸಿಲಿನಲ್ಲಿ ರಾಣಿಯ ನೆರಳು ತಗಡಿನ ಮೇಲೆ ಬಿದ್ದಾಗ, ಯಾರೂ ಆಡಿಸದ ಆ ಕೈ ಅಲುಗಿದ್ದನ್ನು ನಾನೂ ನೋಡಿದ್ದೇನೆ.

ಬೇಸಿಗೆಯ ಕೊನೆಯಲ್ಲಿ ರಾಣಿಯನ್ನು ಹೊತ್ತು, ಬಸ್ಸು ಹಿಡಿದು ಹಳೆಯ ಕೆರೆಗೆ ಹೋದೆವು. ಬೇಲಿ, ಗೇಟು, ಕಾವಲುಗಾರ. ಅಜ್ಜನನ್ನು ಹೂತಲ್ಲಿ ಸಿಮೆಂಟ್ ಇಟ್ಟಿಗೆ ಹಾಸಿದ್ದರು. ಶುಗರ್ ಇಳಿಸಲು ಜನ ಅದರ ಮೇಲೆ ಬಿರಬಿರನೆ ನಡೆಯುತ್ತಿದ್ದರು. ಕೆರೆಗೆ ಕಸ ಹಾಕುವಂತಿಲ್ಲ ಎಂದ ಕಾವಲುಗಾರ.

“ಕಸ ಅಲ್ಲ ಕಣಪ್ಪ, ಹೆಣ,” ಎಂದಳು ಆಯಿ.

ಅವನು ಬೆದರಿ ಗೇಟಿಗೆ ಬೀಗ ಹಾಕಿದ.

ಅಲ್ಲಿಂದ ನೇರ ತಾಲ್ಲೂಕು ಕಚೇರಿಗೆ ಹೋದೆವು. ಅಧಿಕಾರಿ ಸಭ್ಯವಾಗಿಯೇ ಮಾತಾಡಿದರು. ಕೆರೆಯಂಗಳದಲ್ಲಿ ಯಾವ ಜನವಸತಿಯೂ ದಾಖಲಾಗಿಲ್ಲ. ಆದ್ದರಿಂದ ಯಾರನ್ನೂ ತೆರವುಗೊಳಿಸಿಲ್ಲ. ಆದ್ದರಿಂದ ಉತ್ತರಿಸಬೇಕಾದವರೂ ಇಲ್ಲ. ನಾನು ಸಂವಿಧಾನದ ಮಾತೆತ್ತಿ ದನಿ ಏರಿಸಿದೆ. ಆಯಿ ನನ್ನ ತೋಳು ಹಿಡಿದು ಕೂರಿಸಿದಳು.

“ನಾವು ಇರ್ಲೇ ಇಲ್ಲ ಅಂದ್ರೆ, ಅವತ್ತು ಲಾರಿಗೆ ಯಾರ್ನ ಹತ್ತಿಸಿದ್ರಿ ಸಾಮಿ?”

ಅವರು ಫ್ಯಾನಿನ ಕಡೆ ನೋಡಿದರು. ನಾವು ಕೇಳುತ್ತಿರುವುದು ದಯೆಯನ್ನಲ್ಲ. ಆದೇಶ ಕೊಟ್ಟವರು ಮುಂದೆ ಬಂದು, ನಿಮ್ಮನ್ನು ಓಡಿಸಿದೆವು, ಅದು ತಪ್ಪು ಎಂದು ಎಲ್ಲರೆದುರು ಹೇಳಬೇಕು. ದಂಡೆಗೆ ಮರಳುವ ಹಕ್ಕು ಕೊಡಬೇಕು. ಇಲ್ಲದವರೆಂದು ಕರೆಸಿಕೊಂಡು ಬದುಕುವುದು ಮನೆ ಕಳೆದುಕೊಂಡದ್ದಕ್ಕಿಂತ ಕಠೋರ.

ಈ ವರ್ಷ ಮಳೆ ಹೊಯ್ದು, ಬತ್ತಿ ಬಿದ್ದಿದ್ದ ಇಲ್ಲಿಯ ಕೆರೆ ತುಂಬಿತು. ಮೀನು ಹಿಡಿಯಲು ಊರವರು ಒಪ್ಪಿದರು. ಹರಿಗೋಲು ಹೊರಲು ಲಕ್ಷ್ಮಕ್ಕನ ಗಂಡನೇ ಹೆಗಲು ಕೊಟ್ಟ. ಒಣಮೀನಿನ ಸಂಗತಿ ಅವನಿಗೆ ಮೊದಲಿನಿಂದಲೂ ಗೊತ್ತಿತ್ತಂತೆ. ಲಕ್ಷ್ಮಕ್ಕ ಆಯಿಯ ಪಕ್ಕ ನಿಂತು ಮೆಲ್ಲಗೆ ಹೇಳಿದಳು:

“ನಿನ್ ರಾಣೀನೂ ಇಲ್ಲೇ ಬುಟ್ಬುಡು ಕಣಮ್ಮ. ನಮ್ ಕೆರೆ ಬ್ಯಾಡ ಅನ್ನಲ್ಲ.”

ಇಲ್ಲಿಗೆ ಬಂದ ಮೇಲೆ ನಮಗೆ ಯಾರೂ ಇಷ್ಟು ದೊಡ್ಡ ಮಾತು ಕೊಟ್ಟಿರಲಿಲ್ಲ. ಆಯಿ ರಾಣಿಯನ್ನೂ ಬಿಳಿ ಬಟ್ಟೆಯನ್ನೂ ತಂದಳು. ಮೊಣಕಾಲುದ್ದ ನೀರಿಗೆ ಇಳಿದು ಬಗ್ಗಿದಳು. ಗೊಂಬೆಯ ಪಾದ ನೀರಿಗೆ ತಾಗಿತು. ಥಟ್ಟನೆ ಮೇಲೆತ್ತಿ ಸೆರಗಿನಿಂದ ಒರೆಸಿದಳು.

“ಇಲ್ಲಿ ಬುಟ್ರೆ, ನಾವಾಗ್ ನಾವೇ ಬಂದೋ ಅಂದಂಗಾಯ್ತದೆ.”

ಲಕ್ಷ್ಮಕ್ಕ ಬಿಳಿ ಬಟ್ಟೆಯನ್ನು ಮಡಚಿ ತಾನೇ ಹಿಡಿದುಕೊಂಡು ನಮ್ಮ ಮನೆಯವರೆಗೂ ಬಂದಳು.

ಈಗ ಹರಿಗೋಲು ಈ ಕೆರೆಯಲ್ಲಿದೆ, ರಾಣಿ ಗೋಡೆಯ ಮೇಲಿದ್ದಾಳೆ. ಒದ್ದೆಯಾದ ಪಾದದ ತೊಗಲು ಒಣಗಿ ಮುದುಡಿದೆ. ಆಯಿ ಅವಳ ಮುಖವನ್ನು ಶಿರಾದ ಕಡೆಗೆ ತಿರುಗಿಸಿ ಕಟ್ಟಿದ್ದಾಳೆ.