ಎರಡು ಪೇಟದ ಹಸೆ

ಹಸೆ ಬರೆಯುವುದು ಹೆಂಗಸರ ಕೆಲಸ. ಮದುವೆ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನಲ್ಲಿ ಗೆರೆ ಎಳೆದು, ನಡುವೆ ಹೆಣ್ಣು ಗಂಡನ್ನು ಕೂರಿಸುತ್ತಾರೆ. ಉಳವಿ ಕಡೆಯ ನನ್ನ ಗೆಳೆಯ ಅದನ್ನು ಅವ್ವನಿಂದ ಕಲಿತಿದ್ದ. ತೊಂಬತ್ತರ ದಶಕದ ಮೊದಲ ವರ್ಷಗಳವು. ಅವನು ಶಿರಾಳಕೊಪ್ಪದಲ್ಲಿ ಅಂಗಡಿ ಬೋರ್ಡು ಬರೆಯುತ್ತಿದ್ದ, ನಾನು ಶಿಕಾರಿಪುರದಲ್ಲಿ ಟೈಪಿಂಗ್ ಕಲಿಸುತ್ತಿದ್ದೆ. ಗೆಳೆಯ ಎಂಬುದು ಊರಿಗೆ ಹೇಳುತ್ತಿದ್ದ ಮಾತು. ನಾವು ಪ್ರೀತಿಸುತ್ತಿದ್ದೆವು. ಇಷ್ಟು ಬರೆಯಲು ನನ್ನ ತಲೆ ಪೂರ್ತಿ ಬೆಳ್ಳಗಾಗಬೇಕಾಯಿತು, ನೋಡಿ.

ಒಂದು ಬೇಸಿಗೆ ಅವನೂರಿನ ಕಾನು, ಅಂದರೆ ಊರ ಬೆನ್ನಿಗಿದ್ದ ದಟ್ಟ ಕಾಡು, ಅರ್ಧ ಸುಟ್ಟುಹೋಯಿತು. ಹೊಸ ಹುಲ್ಲು ಬರಲಿ ಎಂದು ಊರವರೇ ಗುಡ್ಡಕ್ಕೆ ಕೊಟ್ಟ ಬೆಂಕಿ. ಕಾಡು ಕಾಯೋಣ ಬನ್ನಿ ಎಂದು ಅವನು ಸಭೆ ಕರೆದರೆ ಚಹಾ ಕುಡಿದು ಎದ್ದು ಹೋದರು, ಪುಣ್ಯಾತ್ಮರು! ಸುಟ್ಟ ಮರಗಳ ಇದ್ದಿಲು ಅರೆದು ಅವನು ಕಪ್ಪು ಬಣ್ಣ ಮಾಡಿಕೊಂಡ. ಮುಂದಿನ ಬೇಸಿಗೆ ಹತ್ತಿರವಾದಾಗ ಕಾನಿನ ಬಾಯಲ್ಲಿದ್ದ ಬಂಡೆಗೆ ಕೆಮ್ಮಣ್ಣು ಬಳಿದು ಮದುವೆಯ ಹಸೆ ಬರೆದ.

"ಹಸೆ ಮುಂದೆ ಬೀಡಿ ಸೈತ ಹಚ್ಚಲ್ಲ ನಮ್ಮ ಜನ, ನೋಡ್ತಾ ಇರು," ಅಂದ.

ಹಾಗೇ ಆಯಿತು. ಹೆಂಗಸರು ಬಂದು ಕುಂಕುಮ ಇಟ್ಟರು, ಗಂಡಸರು ಚಪ್ಪಲಿ ಬಿಟ್ಟು ನಿಂತರು. ಆ ವರ್ಷ ಬೆಂಕಿ ಬೀಳಲಿಲ್ಲ.

ಹಸೆ ಮಳೆಗೆ ತೊಳೆದುಹೋಯಿತು. ಮರುವರ್ಷ ಬರೆಯುವಾಗ ನಡುವೆ ಇಬ್ಬರನ್ನೂ ಗಂಡಾಗಿಯೇ ಕೂರಿಸಿದ. ಬೇಡ ಮಾರಾಯ, ಅಂದೆ.

"ಊರೋರ ಮದುವೆಯೆಲ್ಲ ಬರ್ದೀನಿ ಕಣೋ, ನಮ್ದೊಂದು ಬೇಡ್ವ?"

ಖುಷಿಯಾಯಿತು. ಹಾಳು ಖುಷಿ.

ಕುಂಕುಮ ತಂದ ಅಜ್ಜಿಯೊಬ್ಬಳು ಹಸೆಯನ್ನು ಹುಡುಕಿ ಹುಡುಕಿ ನೋಡಿದಳು. "ಎರಡಕ್ಕೂ ಪೇಟ ಸುತ್ತೀಯಲ್ಲ ತಮ್ಮಾ, ಹೆಣ್ಣೆಲ್ಲಿ?"

ಮರೆತೆ ಎಂದಿದ್ದರೆ ಮುಗಿಯುತ್ತಿತ್ತು. "ಹೆಣ್ಣಿಲ್ಲ ಅಜ್ಜಿ. ಇವ್ನು, ನಾನು," ಎಂದು ನನ್ನತ್ತ ಕೈ ತೋರಿಸಿದ. ಅಜ್ಜಿ ಕುಂಕುಮದ ಬಟ್ಟಲು ಮುಚ್ಚಿಕೊಂಡು ಹೊರಟುಹೋದಳು.

ವಾರ ಕಳೆಯುವುದರೊಳಗೆ ಸುದ್ದಿ ತಿಳಿದ ಊರವರು ಬಂಡೆಯ ಬುಡಕ್ಕೇ ತರಗೆಲೆ ರಾಶಿ ಹಾಕಿ ಬೆಂಕಿ ಕೊಟ್ಟರು. ಬೆಂಕಿ ಕಾನಿಗೆ ನುಗ್ಗಿದರೆ ಹಸಿ ಸೊಪ್ಪು ಹಿಡಿದು ಊರೇ ಬಡಿಯಲು ಓಡಿ ಬರುವುದು ವಾಡಿಕೆ. ಅಂದು ಒಬ್ಬರೂ ಬರಲಿಲ್ಲ. ನಾವಿಬ್ಬರೇ ಬಡಿದೆವು, ಅಂಗೈಯಲ್ಲಿ ಬೊಬ್ಬೆಗಳೆದ್ದವು. ಹಳ್ಳದಾಚೆಯ ತುಂಡು ಕಾಡು ಮಾತ್ರ ಉಳಿಯಿತು.

"ನಮ್ಮಿಂದ ಸುಟ್ಟಿದ್ದು," ಅಂದ ಅವನು.

"ಸುಟ್ಟೋರು ಅವ್ರು ಕಣೋ!" ಎಂದು ಕಿರುಚಿದೆ. ಅವನ ತಲೆಗೆ ಹೋಗಲಿಲ್ಲ. ಆ ಮಳೆಗಾಲದಲ್ಲಿ ಮನೆಯವರು ತೋರಿಸಿದ ಹುಡುಗಿಯನ್ನು ಒಪ್ಪಿಕೊಂಡ. ಊರು ಅವನನ್ನು ಮತ್ತೆ ಮಾತಾಡಿಸತೊಡಗಿತು.

ಮದುವೆಯಾದ ಬೇಸಿಗೆ ಅದೇ ಬಂಡೆಗೆ ಮತ್ತೆ ಹಸೆ ಬರೆದ. ನನಗೂ ಹೇಳಿ ಕಳಿಸಿದ್ದ, ಹೋದೆ. ಈ ಸಲ ಪೇಟದವನ ಪಕ್ಕ ಸೀರೆಯುಟ್ಟ ಹೆಣ್ಣಿದ್ದಳು. ಅವನ ಹೆಂಡತಿಯೇ ಮೊದಲು ಕುಂಕುಮ ಇಟ್ಟಳು.

"ಇನ್ನು ಕಾನು ಉಳೀತದೆ," ಅಂದ, ನನ್ನ ಮುಖ ನೋಡದೆ.

"ಉಳೀಲಿ," ಅಂದೆ. ಕಾಡೆಲ್ಲ ಬೂದಿಯಾಗಲಿ, ಇವನೊಬ್ಬ ನನಗಿರಲಿ ಎಂದು ಎದೆ ಬಡಿದುಕೊಳ್ಳುತ್ತಿತ್ತು. ಎಲ್ಲರ ಜೊತೆ ನಾನೂ ಕೈ ಮುಗಿದೆ.