ಸರ್ಪಸುತ್ತಿನ ಗೌರತ್ತೆ

ಗೌರತ್ತೆಯ ಬಲಗೈಯ ತೋರುಬೆರಳು ಸದಾ ಕೆಂಪಗಿರುತ್ತಿತ್ತು. ಸೋಪು ಹಾಕಿ ತಿಕ್ಕಿದರೂ, ಹುಣಸೆಹಣ್ಣು ಹಾಕಿ ತಿಕ್ಕಿದರೂ ಉಗುರಿನ ಸಂದಿಯ ಕೆಮ್ಮಣ್ಣು ಬಿಡುತ್ತಿರಲಿಲ್ಲ. ನನ್ನ ಮದುವೆಯಲ್ಲಿ ಅವರು ಆರತಿ ತಟ್ಟೆ ಹಿಡಿದು ಎದುರಿಗೆ ನಿಂತಾಗ ನಾನು ಮೊದಲು ನೋಡಿದ್ದು ಆ ಬೆರಳನ್ನೇ. ಮುಖ ಆಮೇಲೆ ನೋಡಿದೆ.

ಅವರು ನನ್ನ ಗಂಡನ ಸೋದರತ್ತೆ. ಹಾಸನದ ನಮ್ಮ ಮನೆಯಿಂದ ಬಸ್ಸು ಹತ್ತಿದರೆ ದುದ್ದದಲ್ಲಿ ಅವರ ಮನೆ. ಮೈಮೇಲೆ ಪಟ್ಟಿಯ ಹಾಗೆ ನೀರುಗುಳ್ಳೆ ಎದ್ದು ಉರಿಯುವ ಸರ್ಪಸುತ್ತಿಗೆ ಕೆಮ್ಮಣ್ಣು ಬರೆಯುವುದರಲ್ಲಿ ಸುತ್ತಲಿನ ಊರಿಗೆಲ್ಲ ಅವರದೇ ಹೆಸರು. ಕಲ್ಲಿನ ಮೇಲೆ ಕೆಮ್ಮಣ್ಣು ತೇಯ್ದು, ಗುಳ್ಳೆಗಳ ಸುತ್ತ ಬೆರಳಲ್ಲಿ ಗೆರೆ ಎಳೆಯುತ್ತಾ ಬಾಯೊಳಗೇ ಮಂತ್ರ ಹೇಳಿಕೊಳ್ಳುತ್ತಿದ್ದರು. ಪ್ರತಿಯಾಗಿ ಎಲೆ ಅಡಿಕೆ ಬಿಟ್ಟು ಇನ್ನೇನೂ ಮುಟ್ಟುತ್ತಿರಲಿಲ್ಲ. ಡಾಕ್ಟರ ಮೇಲೂ ಅವರಿಗೆ ಮುನಿಸಿರಲಿಲ್ಲ. "ಮಾತ್ರೇನೂ ನುಂಗು, ಕೆಮ್ಮಣ್ಣೂ ಆಕುಸ್ಕೊ. ಅವೆರಡೂ ಜಗಳ ಆಡಲ್ಲ ಕಣಪ್ಪ" ಎನ್ನುತ್ತಿದ್ದರು. ನನಗೆ ಮಂತ್ರದಲ್ಲಿ ನಂಬಿಕೆ ಇದೆಯೇ ಎಂದು ಕೇಳಬೇಡಿ. ಗೌರತ್ತೆಯ ಮೇಲಂತೂ ಇತ್ತು.

ಅವರನ್ನು ನಾನು ಸರಿಯಾಗಿ ಅರಿತದ್ದು ಮಗಳು ಸಿಂಚನಾಳ ದೆಸೆಯಿಂದ. ಹದಿನೈದು ತುಂಬಿದ ವರ್ಷ ಅವಳಿಗೆ ಮೊಬೈಲಿನಲ್ಲಿ ವಿಕ್ಕಾ ಸಿಕ್ಕಿತು. ಅದು ಪರದೇಶದ ಒಂದು ಹೊಸ ಧರ್ಮವಂತೆ. ಚಂದ್ರ, ಮಣ್ಣು, ಗಿಡಮೂಲಿಕೆಗಳನ್ನು ಪೂಜಿಸುವುದಂತೆ. ಯಾರಿಗೂ ಕೇಡು ಮಾಡಬಾರದು ಎಂಬುದೇ ದೊಡ್ಡ ನಿಯಮವಂತೆ. ಒಂದು ಸಂಜೆ ಕೋಣೆಯಲ್ಲಿ ಮೇಣದಬತ್ತಿ ಹಚ್ಚಿ, ತುಳಸಿ, ಉಪ್ಪು ಇಟ್ಟುಕೊಂಡು ಕುಳಿತಿದ್ದವಳು ಅಪ್ಪನ ಕಣ್ಣಿಗೆ ಬಿದ್ದಳು. "ಮನೇಲಿ ಮಾಟ ಮಾಡ್ತೀಯಾ?" ಎಂದು ಇವರು ಎಲ್ಲವನ್ನೂ ಬಾಚಿ ಕಸದ ಬುಟ್ಟಿಗೆ ಹಾಕಿದರು. ಅವಳ ಇನ್ನೊಂದು ದುಃಖವೆಂದರೆ, ಆನ್‌ಲೈನಿನ ವಿಕ್ಕಾ ಗುಂಪಿನವರೂ ಹದಿನೆಂಟಾದ ಮೇಲೆ ಬಾ ಎಂದು ಕಳಿಸಿದ್ದರು. ಊಟಕ್ಕೆ ಕೂತಾಗಲೂ ಅಪ್ಪ ಮಗಳು ಮಾತಾಡುತ್ತಿರಲಿಲ್ಲ. ಹೀಗೇ ಬಿಟ್ಟರೆ ಹುಡುಗಿ ನಮ್ಮ ಕೈತಪ್ಪಿ ಹೋಗುತ್ತಾಳೆ ಎಂದು ನನಗೆ ಭಯವಾಯಿತು. ಭಾನುವಾರ ಅವಳನ್ನು ಕರೆದುಕೊಂಡು ದುದ್ದದ ಬಸ್ಸು ಹತ್ತಿದೆ.

ಗೌರತ್ತೆ ಹಸುವಿಗೆ ಹುಲ್ಲು ಹಾಕುತ್ತಲೇ ಎಲ್ಲ ಕೇಳಿಸಿಕೊಂಡರು.

"ಅದ್ನೆಂಟು ಯಾಕಂತೆ? ಓಟು ಆಕಕ್ಕಾ?" ಎಂದರು.

ಸಿಂಚನಾಗೆ ನಗು ಬಂತು. "ಅಜ್ಜಿ, ನೀವು ಯಾವ ವಯಸ್ಸಿಗೆ ಶುರು ಮಾಡಿದ್ರಿ?"

"ನಮ್ಮತ್ತೆ ಮಂತ್ರ ಏಳ್ಕೊಟ್ಟಿದ್ದು ನಂಗೆ ಮೊಮ್ಮಗ ಉಟ್ಟಿದ್ಮೇಲೆ. ಒಬ್ರಿಗೆ ಏಳ್ಕೊಟ್ರೆ, ಏಳ್ದೋರ ಕೈಲಿ ಅದು ನಿಲ್ಲಕಿಲ್ಲ ಕಣವ್ವ. ಅದ್ಕೇ ಕೊನೆಗಂಟ ಬಿಗಿಯಾಗಿ ಇಡ್ಕಂಡಿದ್ರು."

"ಹಾಗಾದ್ರೆ ನೀವೂ ನನಗೆ ಕಾಯಿ ಅಂತೀರಾ?"

"ಮಂತ್ರಕ್ಕೆ ಕಾಯಿ. ಕೆಮ್ಮಣ್ಣು ತೇಯಕ್ಕೆ ಯಾಕ್ ಕಾಯ್ತೀಯ? ಬಾ, ಕುಂತ್ಕೊ."

ಅಂದಿನಿಂದ ಅವಳ ಭಾನುವಾರಗಳೆಲ್ಲ ದುದ್ದದಲ್ಲಿ. ಕೆಮ್ಮಣ್ಣು ತೇಯುವುದು, ಗರಿಕೆ ಕಿತ್ತು ತರುವುದು, ಉರಿ ತಾಳದೆ ಒದ್ದಾಡುವವರ ಕೈ ಹಿಡಿದುಕೊಳ್ಳುವುದು. ಗೌರತ್ತೆಯ ಸ್ವಂತ ಸೊಸೆಗೆ ಗುಳ್ಳೆ ನೋಡಿದರೇ ಓಕರಿಕೆ. ನನ್ನ ಮಗಳು ಅದಕ್ಕೆಲ್ಲ ಹೇಸಲಿಲ್ಲ. ನನಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಆದರೆ ಒಮ್ಮೆ ಎಡವಟ್ಟು ಮಾಡಿದಳು. ಪಕ್ಕದ ಬೀದಿಯ ಹೆಂಗಸೊಬ್ಬರ ಬೆನ್ನಿಗೆ ಗೆರೆ ಎಳೆಯುವುದನ್ನು ಗೊತ್ತಾಗದ ಹಾಗೆ ವಿಡಿಯೋ ಮಾಡಿ, ಹಾಡು ಸೇರಿಸಿ ರೀಲ್ಸ್ ಹಾಕಿದಳು. ಮುಖ ಕಾಣದಿದ್ದರೂ ಬೆನ್ನಿನ ಮಚ್ಚೆ ನೋಡಿ ಆಕೆಯ ನಾದಿನಿಯೇ ಗುರುತು ಹಿಡಿದಳು. ಗೌರತ್ತೆ ಅಷ್ಟು ಸಿಟ್ಟಾದದ್ದನ್ನು ನಾನು ಬೇರೆ ಯಾವತ್ತೂ ನೋಡಿಲ್ಲ.

"ನೋವು ಅಂತ ಸೆರಗು ಸರ್ಸಿ ಕುಂತೋಳು ಅವ್ಳು. ಅದನ್ನ ಊರಿಗೆಲ್ಲ ತೋರ್ಸಕ್ಕೆ ನೀನ್ಯಾವಳೇ? ಯಾರ್ಗೂ ಕೇಡು ಮಾಡ್ಬಾರ್ದು ಅಂತಿದ್ಯಲ್ಲ, ಇದೇನು ಮತ್ತೆ?"

ಸಿಂಚನಾ ವಿಡಿಯೋ ಅಳಿಸಿದಳು. ಒಬ್ಬಳೇ ಆ ಮನೆಗೆ ಹೋಗಿ, ತಪ್ಪಾಯ್ತು ಎಂದು ಹೇಳಿ, ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು. ಗೌರತ್ತೆ ಅವಳನ್ನು ಮತ್ತೆ ಕಲ್ಲಿನ ಮುಂದೆ ಕೂರಿಸಿದರು. ಆ ವಿಷಯ ಇನ್ನೆಂದೂ ಎತ್ತಲಿಲ್ಲ.

ರೀಲ್ಸಿನ ಸುದ್ದಿ ಕಿವಿಗೆ ಬಿದ್ದದ್ದೇ ನನ್ನ ಗಂಡ ಬೈಕು ಹತ್ತಿ ದುದ್ದಕ್ಕೆ ಬಂದರು. ಓದೋ ಹುಡುಗೀನ ಮಾಟಕ್ಕೆ ಹಚ್ಚಿದ್ದೀರಿ ಎಂದು ಜಗಲಿಯ ಮೇಲೇ ಕೂಗಾಡಿದರು. ಗೌರತ್ತೆ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಲೇ ಮಂಜ, ಚಿಕ್ಕೋನಿದ್ದಾಗ ನಿನ್ ಸೊಂಟಕ್ಕೆ ನಮ್ಮತ್ತೆ ಬರೀವಾಗ ಕೈಕಾಲು ಇಡ್ಕಂಡಿದ್ದೋಳು ನಾನು ಕಣ್ಲಾ. ನೀನು ಒದ್ದಿದ್ದು ಇನ್ನೂ ನೆಪ್ಪೈತೆ. ಆಗ ಮಾಟ ಅನ್ನಿಸ್ಲಿಲ್ವಾ?"

ಸರದಿಗೆ ಕಾಯುತ್ತಿದ್ದವರೆಲ್ಲ ನಕ್ಕರು. ಇವರು ತೆಪ್ಪಗೆ ಕಾಫಿ ಕುಡಿದು ವಾಪಸ್ಸು ಹೊರಟರು. ಮಗಳನ್ನು ಕರೆದೊಯ್ಯಲಿಲ್ಲ, ಒಪ್ಪಿದೆ ಎಂದೂ ಹೇಳಲಿಲ್ಲ.

ಹೋದ ವರ್ಷ ಗೌರತ್ತೆ ಹಾಸಿಗೆ ಹಿಡಿದರು. ಆಗ ಸಿಂಚನಾ ಪಿಯುಸಿಯಲ್ಲಿದ್ದಳು. ನಾವಿಬ್ಬರೂ ನೋಡಲು ಹೋದಾಗ ಅವಳನ್ನು ಹತ್ತಿರ ಕರೆದರು.

"ಬಾ ಮಗ, ಕಿವಿ ಕೊಡು. ಏಳ್ಬುಡ್ತೀನಿ."

ಇಷ್ಟು ದಿನ ಇದಕ್ಕೇ ಕಾದವಳು ಹಿಂದೆ ಸರಿದಳು. "ಬೇಡ ಅಜ್ಜಿ. ಹೇಳಿದ್ರೆ ನಿಮ್ಮ ಹತ್ರ ಉಳಿಯಲ್ಲ. ನೀವೇ ಎದ್ದು ಬರೀರಿ, ನಾನು ತೇಯ್ಕೊಡ್ತೀನಿ" ಎಂದಳು.

ಗೌರತ್ತೆ ನನ್ನ ಕಡೆ ತಿರುಗಿ ನಕ್ಕರು. "ಸುಧಾ, ಇವ್ಳಿಗೆ ವಯಸ್ಸು ಬಂತು ಕಣೇ" ಎಂದವರೇ, ಅವಳ ಕತ್ತು ಬಳಸಿ ಎಳೆದುಕೊಂಡು ಕಿವಿಯಲ್ಲಿ ಹೇಳಿದರು. ನಾನು ಮುಖ ಆ ಕಡೆ ಮಾಡಿಕೊಂಡೆ. ಅಳು ತಡೆಯಲಾಗಲಿಲ್ಲ. ಅವರನ್ನು ನಾನು ನೋಡಿದ್ದು ಅದೇ ಕೊನೆ.

ತಿಥಿಯ ಊಟ ಮುಗಿದು ನೆಂಟರೆಲ್ಲ ನಡುಮನೆಯಲ್ಲಿ ಕೂತಿದ್ದಾಗ ಕಟ್ಟಾಯದ ಕಡೆಯ ಹೆಂಗಸೊಬ್ಬರು ಬಂದರು. ಭುಜದಿಂದ ಎದೆಯವರೆಗೆ ಗುಳ್ಳೆಯಂತೆ. ಗೌರಮ್ಮ ತೀರಿಕೊಂಡರು ಎಂದು ಕೇಳಿ ಬಾಗಿಲಲ್ಲೇ ಕುಸಿದು ಕೂತರು. ಸಿಂಚನಾ ಎದ್ದು ಹೋಗಿ, "ಡಾಕ್ಟರಿಗೆ ತೋರ್ಸಿದ್ರಾ?" ಎಂದು ಕೇಳಿದಳು. ಆಕೆ ಸೆರಗಿನಿಂದ ಮಾತ್ರೆ ತೆಗೆದು ತೋರಿಸಿದರು. ಸಿಂಚನಾ ಅವರನ್ನು ಕೈಹಿಡಿದು ಒಳಗೆ ಕರೆತಂದು ಕೂರಿಸಿ, ನಮ್ಮ ಕಡೆ ತಿರುಗಿದಳು.

"ನೀವೆಲ್ಲ ಸ್ವಲ್ಪ ಆಚೆ ಹೋಗಿ."

ಮನೆ ತುಂಬ ದೊಡ್ಡವರು. ಯಾರೂ ಅಲುಗಲಿಲ್ಲ. ಮೊದಲು ಎದ್ದವರು ಅವಳ ಅಪ್ಪ. ಉಳಿದವರನ್ನೂ ಎಬ್ಬಿಸಿ ಜಗಲಿಗೆ ಕಳಿಸಿ, ಕೊನೆಗೆ ತಾವೂ ಹೊರಬಂದು ಕದ ಎಳೆದುಕೊಂಡರು.