ಮರೆಮ್ಮ ಕಾಯ್ದ ಖಾಲಿ ಪ್ಲಾಟು

ಮರೆಮ್ಮನಿಗೆ ಇದ್ದದ್ದು ಒಂದೇ ಚಟ, ಪ್ರಶ್ನೆ ಕೇಳುವುದು. ಯಾದಗಿರಿ ಕಡೆಯಿಂದ ಗಂಡ ಹುಲಿಗೆಪ್ಪನ ಜತೆ ಪುಣೆಗೆ ಬಂದ ಹೊಸತರಲ್ಲಿ, ತಲೆಯ ಮೇಲೆ ಇಟ್ಟಿಗೆ ಹೊತ್ತುಕೊಂಡೇ ಕೇಳುತ್ತಿದ್ದಳು: ಈ ಖೋಲಿ ಯಾರಿಗೆ? ಇಷ್ಟು ದೊಡ್ಡ ಕಿಟಕಿಯಿಂದ ಅವರು ಏನು ನೋಡುತ್ತಾರೆ? ಗೋಡೆ ಕಟ್ಟುವ ಗೌಂಡಿ ಹುಲಿಗೆಪ್ಪನಿಗೆ ಉತ್ತರ ಗೊತ್ತಿರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ತೊಂಬತ್ತರ ದಶಕದ ಶುರುವಿನಲ್ಲಿ ಧನಕವಡಿಯಲ್ಲಿ ಹೊಸ ಕಾಲನಿಯೊಂದು ಏಳುತ್ತಿತ್ತು. ಗುತ್ತಿಗೆದಾರ ಮಾರ್ತಾಂಡ ಇವರಿಗೆ ಅಲ್ಲಿಯ ಖಾಲಿ ಪ್ಲಾಟೊಂದರ ಮೂಲೆ ತೋರಿಸಿ, ತಗಡಿನ ಶೆಡ್ಡು ಹಾಕಿಕೊಂಡು ಜಾಗ ಕಾಯಿರಿ ಎಂದ. ಮಾಲೀಕರು ಯಾರೆಂದು ಹೇಳಲಿಲ್ಲ.

ಸುತ್ತಲೂ ಬಂಗಲೆಗಳೆದ್ದವು. ಈ ಪ್ಲಾಟು ಮಾತ್ರ ಹಾಗೇ ಉಳಿಯಿತು. ಅಣ್ಣತಮ್ಮಂದಿರ ಜಗಳವಂತೆ ಎಂದರು ಕೆಲವರು. ನೆಲದಡಿ ಹಳೆಯ ಸಮಾಧಿ ಇದೆ ಎಂದಳು ಕಿರಾಣಿ ಅಂಗಡಿಯವಳು. ಮರೆಮ್ಮ ನಂಬಲಿಲ್ಲ, ಅವಳೇ ಅಲ್ಲಿ ಅಗೆದು ತನ್ನೂರ ಕಡೆಯ ಹುಳಿಸೊಪ್ಪು ಪುಂಡಿಪಲ್ಲೆ ಬೆಳೆದಿದ್ದಳು.

“ಇಷ್ಟು ಚಲೋ ಜಾಗ ಯಾಕ ಖಾಲಿ ಬಿಟ್ಟಾರ?”

“ಬಿಟ್ಟಾರಂತ ನಾವಿಲ್ಲಿ ಅದೀವಿ,” ಎನ್ನುತ್ತಿದ್ದ ಹುಲಿಗೆಪ್ಪ. “ಸುಮ್ನಿರು.”

ದಸರೆ ಮುಗಿದ ಒಂದು ಮಧ್ಯಾಹ್ನ ರಿಕ್ಷಾದಿಂದ ಇಳಿದ ಹೆಂಗಸೊಬ್ಬರು ಛತ್ರಿ ಮಡಚಿ ನೇರ ಪ್ಲಾಟಿನೊಳಗೆ ಬಂದು ಕಲ್ಲಿನ ಮೇಲೆ ಕುಳಿತರು. ಮರೆಮ್ಮ ಓಡಿ ಬಂದು ಹರುಕು ಮರಾಠಿಯಲ್ಲಿ ಯಾರು ಬೇಕೆಂದು ಕೇಳಿದಳು. ಬಂದಾಕೆಯ ಕಣ್ಣು ಸೊಪ್ಪಿನ ಮಡಿಯ ಮೇಲಿತ್ತು.

“ಇದು ಪುಂಡಿಪಲ್ಲೆ ಅಲ್ಲೇನ?”

“ಅಯ್ಯ, ನೀವು ನಮ್ಮ ಕಡೇವರೇನ್ರೀ!”

ಆಕೆ ನರ್ಮದಾಬಾಯಿ. ತವರು ಬಿಜಾಪುರ, ಶಿವಾಜಿನಗರದ ಕಚೇರಿಯೊಂದರಲ್ಲಿ ಕ್ಲಾರ್ಕು. ಜಾಗ ಅವರದೇ. ಆಮೇಲೆ ಆಗಾಗ ಬರತೊಡಗಿದರು. ಅಳತೆ ಹಿಡಿಯಲಿಲ್ಲ, ಯಾರನ್ನೂ ಕರೆತರಲಿಲ್ಲ. ಸುಮ್ಮನೆ ಕೂತು, ಮರೆಮ್ಮ ಕೊಟ್ಟ ಚಹಾ ಕುಡಿದು, ಪುಂಡಿಪಲ್ಲೆ ಕಟ್ಟಿಕೊಂಡು ಹೋಗುವರು. ಕೊನೆಗೆ ಮರೆಮ್ಮನಿಗೆ ತಡೆಯಲಾಗಲಿಲ್ಲ.

“ಅವ್ವಾರ, ಸಿಟ್ಟಾಗಬ್ಯಾಡ್ರಿ. ಮನಿ ಯಾಕ ಕಟ್ಟವಲ್ರಿ?”

ನರ್ಮದಾಬಾಯಿ ನಕ್ಕರು. “ಕಟ್ಟಿದ್ರ ಎಲ್ಲಾರೂ ಬರ್ತಾರ.”

ಅವರು ಮದುವೆಯಾಗಿ ಬಂದದ್ದು ಹತ್ತಾರು ಸಂಸಾರಗಳಿದ್ದ ಹಳೆಯ ವಾಡೆಯೊಂದರ ಎರಡು ಬಾಡಿಗೆ ಖೋಲಿಗೆ. ಅತ್ತೆ, ಮಾವ, ಭಾವನ ಸಂಸಾರ, ನಾದಿನಿಯರು. ಸೀರೆ ಬದಲಿಸಲೂ ಸರದಿ ಕಾಯಬೇಕು. ತಮ್ಮ ಪಗಾರದಲ್ಲಿ ಈ ಜಾಗ ಕೊಂಡ ದಿನವೇ ಮನೆಯವರೆಲ್ಲ ಕೂತು ಯಾವ ಖೋಲಿ ಯಾರಿಗೆಂದು ಹಂಚಿದರಂತೆ.

“ನನಗ ಯಾವದು ಅಂತ ಯಾರೂ ಕೇಳ್ಲಿಲ್ಲ ನೋಡು. ಅವತ್ತೇ ಅಂದ್ಕೊಂಡೆ, ಖಾಲಿ ಇರೂತನಕ ಇದು ನಂದು.”

ಮರೆಮ್ಮ ಅವತ್ತು ಪುಂಡಿಪಲ್ಲೆ ಒಂದು ಹಿಡಿ ಹೆಚ್ಚೇ ಕಟ್ಟಿಕೊಟ್ಟಳು.

ವರ್ಷಗಳು ಸರಿದವು. ನರ್ಮದಾಬಾಯಿಯ ಗಂಡ ತೀರಿಕೊಂಡರು, ಭಾವನ ಮಕ್ಕಳು ಬೇರೆ ಬೇರೆ ಮನೆ ಮಾಡಿದರು. ಎರಡು ಸಾವಿರದ ನಾಲ್ಕರಲ್ಲಿ ಆ ವಾಡೆಯನ್ನು ಕೆಡವುವುದು ಖಚಿತವಾದಾಗ ನರ್ಮದಾಬಾಯಿ ಬಂದು ಹುಲಿಗೆಪ್ಪನನ್ನು ಕರೆದರು.

“ಒಂದು ಖೋಲಿ ಕಟ್ಟಿಕೊಡಪ್ಪ. ಒಂದೇ. ಒಲಿಗೆ ಒಂದು ಮೂಲಿ, ಬದಿಗೆ ಬಚ್ಚಲ.”

“ಇಷ್ಟು ದೊಡ್ಡ ಜಾಗದಾಗ ಒಂದೇ ಏನ್ರೀ? ಬಂದವರಿಗೆ?”

“ಬಂದವರು ಸಂಜೀಕ ಹೋಗ್ತಾರ. ಬಾಗಿಲು ಮಾತ್ರ ಗಟ್ಟಿ ಇರ್ಲಿ.”

ಕಾಲನಿಯವರು ಕಡ್ಡಿಪೆಟ್ಟಿಗೆ ಎಂದು ಆಡಿಕೊಂಡರು. ಮರೆಮ್ಮ ಇಟ್ಟಿಗೆ ಹೊತ್ತಳು, ಗೋಡೆಗೆ ನೀರು ಹೊಡೆದಳು. ಶೆಡ್ಡು ಮೂಲೆಯಲ್ಲಿ ಹಾಗೇ ಇರಲಿ ಎಂದರು ನರ್ಮದಾಬಾಯಿ.

ಬಾಗಿಲು ಕೂರಿಸಿದ ದಿನ ಅವರು ಮರೆಮ್ಮನ ತೋಳು ಹಿಡಿದರು. “ಮೊದಲ ನೀ ಹೋಗಿ ಕೂಡು.”

“ನಾನ್ಯಾಕ್ರಿ?”

“ಹೆಂಗ ಅನಸ್ತದ ನೋಡು.” ಒಳಗೆ ತಳ್ಳಿ ಬಾಗಿಲೆಳೆದರು.

ಎಷ್ಟೋ ಮನೆ ಕಟ್ಟಿದ್ದಳು. ಬಾಗಿಲು ಬಂದ ಮೇಲೆ ಯಾವುದರೊಳಗೂ ಕಾಲಿಟ್ಟಿರಲಿಲ್ಲ. ಶೆಡ್ಡಿಗಿದ್ದದ್ದು ಗೋಣಿಚೀಲದ ಪರದೆ. ಬಾಗಿಲಿನ ಒಳಚಿಲಕ ಮುಟ್ಟಿ ನೋಡಿದಳು. ಆಮೇಲೆ ಸುಣ್ಣದ ವಾಸನೆಯ ಗೋಡೆಗೆ ಒರಗಿ ಕುಳಿತಳು. ಯಾಕೋ ನಗು ಬಂತು.

ಗಾರೆ ಮೆತ್ತುವ ಥಾಪಿ ಕಾಣದೆ ಹೊರಗೆ ಹುಲಿಗೆಪ್ಪ ಕೂಗಿದ. “ಏ ಮರೆಮ್ಮ, ನನ್ನ ಥಾಪಿ ಎಲ್ಲಿಟ್ಟೀ?”

ಅವಳು ಕಾಲು ನೀಡಿದಳು.

“ನೀನೇ ಹುಡುಕ್ಕೋ,” ಎಂದರು ನರ್ಮದಾಬಾಯಿ. “ಆಕಿ ಈಗ ಸಿಗಂಗಿಲ್ಲ.”